ಲೂರ್ ಬಣ್ಣದ ಗೊಂದಲ ಕೊನೆಗೂ ಬಗೆಹರಿಯಿತು

ಲೂರ್ ಅಂದರೆ ಮೀನನ್ನು ಸೆಳೆಯಲು ಗಾಳದ ದಾರಕ್ಕೆ ಕಟ್ಟುವ ನಕಲಿ ಆಹಾರ. ನನ್ನ ಡಬ್ಬಿಯಲ್ಲಿ 20ಕ್ಕೂ ಜಾಸ್ತಿ ಬಣ್ಣದ ಲೂರ್‌ಗಳಿದ್ದವು. ಆದರೂ ಬಾಸ್ ಮೀನು ಮೂಸಿಯೂ ನೋಡುತ್ತಿರಲಿಲ್ಲ. ಹತ್ತು ನಿಮಿಷಕ್ಕೊಮ್ಮೆ ಸುಮ್ನೆ ಬಣ್ಣ ಬದಲಿಸುವುದೇ ನನ್ನ ಕೆಲಸವಾಗಿತ್ತು.

ತಪ್ಪು ಎಲ್ಲಿದೆ ಅಂತ ಗೊತ್ತಾಗಿದ್ದು ನೀರನ್ನು ಸರಿಯಾಗಿ ನೋಡಿದ ಮೇಲೆ. ಮಳೆ ಬಂದು ನೀರು ರಾಡಿಯಾಗಿತ್ತು. ನಾನು ಮಾತ್ರ ಮಾಸಲು ಹಸಿರಿನ, ಬೆಳಕು ಹಾಯುವಂಥ ಲೂರ್ ಬಿಡುತ್ತಿದ್ದೆ. ಕಂಡರೆ ತಾನೇ ಮೀನು ಕಚ್ಚುವುದು! ಕಪ್ಪು-ನೀಲಿ ಜಿಗ್ (ತಲೆಭಾಗ ಭಾರವಿರುವ ಲೂರ್) ಕಟ್ಟಿದೆ. ರಾಡಿಯಲ್ಲಿ ಗಾಢ ಬಣ್ಣದ ಆಕಾರ ಎದ್ದು ಕಾಣುತ್ತದೆ. ಆ ಸಂಜೆ ಎರಡು ಮೀನು ಸಿಕ್ಕವು.

ಈಗ ಲೂರನ್ನು ಮೊದಲು ಎರಡಡಿ ನೀರಿಗೆ ಇಳಿಸಿ ನೋಡುತ್ತೇನೆ. ಚೆನ್ನಾಗಿ ಕಂಡರೆ ತಿಳಿನೀರು ಅಂತ ಲೆಕ್ಕ, ಅಲ್ಲಿನ ಮರಿಮೀನುಗಳ ಬಣ್ಣವೇ ಸಾಕು. ಮಂಕಾದರೆ ಕಪ್ಪು, ಇಲ್ಲವೇ ಕಣ್ಣು ಕುಕ್ಕುವ ಹಳದಿ-ಹಸಿರು. ಆಳಕ್ಕೆ ಬಿಡುವಾಗ ಕೆಂಪನ್ನು ನಂಬುವುದಿಲ್ಲ. ನೀರು ಕೆಂಪು ಬೆಳಕನ್ನು ಬೇಗ ಹೀರಿಕೊಳ್ಳುತ್ತದೆ, ಕೆಳಗೆ ಹೋದಂತೆ ಅದು ಕಪ್ಪಗೆ ಕಾಣುತ್ತದೆ. ನೀರಿನ ಮೇಲೆ ತೇಲುವ ಲೂರ್‌ಗಂತೂ ಬೆನ್ನಿನ ಚಿತ್ತಾರ ನಮ್ಮ ಖುಷಿಗೆ ಮಾತ್ರ. ಕೆಳಗಿರುವ ಮೀನಿಗೆ ಕಾಣುವುದು ಹೊಟ್ಟೆ, ಅಲ್ವಾ? ಆ ಚಿತ್ತಾರ ನೋಡಿಯೇ ನಾನು ನಾಲ್ಕು ಕೊಂಡಿದ್ದೆ ಅನ್ನುವುದು ಬೇರೆ ಮಾತು.