ಮೊದಲ ಡೋಸ್‌ಗೆ ಕಿಡ್ನಿಯ ಹಂಗಿಲ್ಲ

"ಮೇಡಂ, ಕ್ರಿಯಾಟಿನಿನ್ 2.6 ಬಂದಿದೆ. ಮೆರೊಪೆನೆಮ್ ಅರ್ಧಕ್ಕೆ ಇಳಿಸಲಾ?"

ಐಸಿಯುಗೆ ಹೊಸದಾಗಿ ಬಂದ ಕಿರಿಯ ವೈದ್ಯರು ರಾತ್ರಿ ಪಾಳಿಯಲ್ಲಿ ನನಗೆ ಫೋನ್ ಮಾಡಿ ಕೇಳುವ ಪ್ರಶ್ನೆ ಹೆಚ್ಚಾಗಿ ಇದೇ. ಕ್ರಿಯಾಟಿನಿನ್ ಎಂದರೆ ಕಿಡ್ನಿ ಹೊರಹಾಕಬೇಕಾದ ತ್ಯಾಜ್ಯ, ರಕ್ತದಲ್ಲಿ ಅದು ಏರಿದರೆ ಕಿಡ್ನಿ ಸೊರಗಿದೆ ಎಂದರ್ಥ. ಮೆರೊಪೆನೆಮ್ ಒಂದು ಆ್ಯಂಟಿಬಯಾಟಿಕ್. ನಾನು ಐಸಿಯುವಿನ ಕ್ಲಿನಿಕಲ್ ಫಾರ್ಮಸಿಸ್ಟ್. ರೋಗಿ ನಂಜೇರಿ ಆಗಷ್ಟೇ ಬಂದವರಾದರೆ ನನ್ನ ಉತ್ತರ: ಬೇಡ, ಪೂರ್ತಿ ಕೊಡಿ.

ಇದನ್ನು ನಾನು ಕಲಿತದ್ದು ತಪ್ಪು ಮಾಡಿ. ಕರುಳು ತೂತಾಗಿ ಹೊಟ್ಟೆಯೆಲ್ಲ ಕೀವು ತುಂಬಿದ್ದ ಒಬ್ಬ ಹೆಂಗಸಿಗೆ, ಕ್ರಿಯಾಟಿನಿನ್ ನೋಡಿ, ಕಿಡ್ನಿ ಸೊರಗಿದವರ ಡೋಸ್ ಪಟ್ಟಿಯಲ್ಲಿದ್ದಂತೆ 12 ಗಂಟೆಗೊಮ್ಮೆ 500 ಮಿಲಿಗ್ರಾಂ ಮೆರೊಪೆನೆಮ್ ಸಾಕೆಂದು ಮೊದಲ ಡೋಸ್‌ನಿಂದಲೇ ಹೇಳಿಬಿಟ್ಟೆ. ಆಪರೇಷನ್ ಆಯಿತು, ಡ್ರಿಪ್ ಹರಿಯಿತು, ಮರುದಿನ ಬೆಳಿಗ್ಗೆ ಗಂಟೆಗೆ 100 ಮಿಲಿಲೀಟರ್ ಮೂತ್ರ ಬರತೊಡಗಿತು. ರಿಪೋರ್ಟಿನಲ್ಲಿ ಮಾತ್ರ ಕ್ರಿಯಾಟಿನಿನ್ ಇನ್ನೂ 2.2. ಕಿಡ್ನಿ ಚೇತರಿಸಿಕೊಂಡರೂ ಆ ಅಂಕಿ ಇಳಿಯುವುದು ತಡವಾಗಿ. ನಾನು ಆ ಅಂಕಿಯನ್ನು ನಂಬಿದೆ, ಮೂತ್ರದ ಚೀಲವನ್ನು ನೋಡಲಿಲ್ಲ. ಮೂರನೇ ದಿನವೂ ಜ್ವರ ಇಳಿಯದೆ ಹಿರಿಯ ವೈದ್ಯರು ಚಾರ್ಟ್ ತೆರೆದಾಗಲೇ ನನಗೆ ಅರಿವಾದದ್ದು. ಆಕೆ ಬದುಕಿದರು. ಆ ಮೂರು ದಿನಗಳನ್ನು ನಾನು ಮರೆತಿಲ್ಲ.

ಮೊದಲ ಡೋಸ್ ಪೂರ್ತಿ ಕೊಡಬೇಕಾದ ಕಾರಣ ಸರಳ. ನಂಜೇರಿದಾಗ ಸಣ್ಣ ರಕ್ತನಾಳಗಳು ಸೋರುತ್ತವೆ, ಮೇಲಿಂದ ನಾವು ಲೀಟರುಗಟ್ಟಲೆ ಡ್ರಿಪ್ ಹಾಕುತ್ತೇವೆ. ನೀರಿನಲ್ಲಿ ಕರಗುವ ಔಷಧಗಳು, ಅಂದರೆ ಬೀಟಾ-ಲ್ಯಾಕ್ಟಮ್‌ಗಳು (ಮೆರೊಪೆನೆಮ್, ಸೆಫೆಪಿಮ್ ಮುಂತಾದ ಆ್ಯಂಟಿಬಯಾಟಿಕ್ ಗುಂಪು), ವ್ಯಾಂಕೊಮೈಸಿನ್, ಅಮಿಕಾಸಿನ್, ಕೊಲಿಸ್ಟಿನ್, ಆ ನೀರಿನಲ್ಲೆಲ್ಲ ಹರಡಿ ತೆಳುವಾಗುತ್ತವೆ. ಮೊದಲ ಡೋಸ್ ಎಷ್ಟಿರಬೇಕು ಎನ್ನುವುದು ಔಷಧ ಹರಡುವ ಜಾಗ ಎಷ್ಟು ದೊಡ್ಡದು ಎನ್ನುವುದರ ಮೇಲೆ ನಿಂತಿದೆ. ಕಿಡ್ನಿ ಕೆಲಸ ಮಾಡುತ್ತಿದೆಯೋ ಇಲ್ಲವೋ ಎನ್ನುವುದು ಆ ಲೆಕ್ಕದೊಳಗೆ ಬರುವುದೇ ಇಲ್ಲ. ಹಾಗಾಗಿ ಡಯಾಲಿಸಿಸ್‌ನಲ್ಲಿರುವ ವಯಸ್ಕರಿಗೂ ಕೊಲಿಸ್ಟಿನ್ 90 ಲಕ್ಷ ಯೂನಿಟ್ ಲೋಡಿಂಗ್ (ಮೊದಲ ದೊಡ್ಡ ಡೋಸ್), ವ್ಯಾಂಕೊಮೈಸಿನ್ ಕಿಲೋಗೆ ಸುಮಾರು 25 ಮಿಲಿಗ್ರಾಂ, ಅಮಿಕಾಸಿನ್ ಕಿಲೋಗೆ 25ರಿಂದ 30. ಕಿಡ್ನಿಯ ಮಾತು ಏನಿದ್ದರೂ ಆಮೇಲೆ.

ಯಾವುದನ್ನು ಮೊದಲು ಹಾಕಬೇಕು ಎನ್ನುವುದಕ್ಕೂ ಗಮನ ಕೊಡಿ. ಬ್ಲಡ್ ಕಲ್ಚರ್ (ರಕ್ತದಲ್ಲಿ ಯಾವ ಬ್ಯಾಕ್ಟೀರಿಯಾ ಇದೆಯೆಂದು ಬೆಳೆಸಿ ನೋಡುವ ಪರೀಕ್ಷೆ) ತೆಗೆಯಿರಿ, ಆದರೆ ಅದಕ್ಕಾಗಿ ಔಷಧ ಕಾಯಬಾರದು. ಬಿಪಿ ಕುಸಿದ ಶಾಕ್ ಇದ್ದರೆ ಒಂದು ಗಂಟೆಯೊಳಗೆ. ಶಾಕ್ ಇಲ್ಲದೆ, ಸೋಂಕು ಹೌದೋ ಅಲ್ಲವೋ ಎಂಬ ಅನುಮಾನವಿದ್ದರೆ ಬೇಗ ಪರೀಕ್ಷಿಸಿ ನಿರ್ಧರಿಸಲು ಮೂರು ಗಂಟೆಯವರೆಗೆ ಸಮಯವಿದೆ. ಒಂದೇ ಲೈನ್ ಇದ್ದು ಎರಡು ಔಷಧ ಹೋಗಬೇಕಿದ್ದರೆ ಬೀಟಾ-ಲ್ಯಾಕ್ಟಮ್ ಮೊದಲು. ಮೆರೊಪೆನೆಮ್ಅನ್ನು ಐದು ನಿಮಿಷದಲ್ಲಿ ನೇರವಾಗಿ ಚುಚ್ಚಬಹುದು. ವ್ಯಾಂಕೊಮೈಸಿನ್ ಗಂಟೆಗೆ ಒಂದು ಗ್ರಾಂನಂತೆ ನಿಧಾನ ಹೋಗಬೇಕು. 60 ಕಿಲೋ ತೂಕದವರಿಗೆ 1,500 ಮಿಲಿಗ್ರಾಂ ಎಂದರೆ ಒಂದೂವರೆ ಗಂಟೆ, ಅಷ್ಟೂ ಹೊತ್ತು ಮೆರೊಪೆನೆಮ್ ಟ್ರೇಯಲ್ಲೇ ಕುಳಿತಿರುತ್ತದೆ.

ಮುಂದಿನ 48 ಗಂಟೆ ಬೀಟಾ-ಲ್ಯಾಕ್ಟಮ್ ಇಳಿಸಲು ನಾನು ಅವಸರ ಮಾಡುವುದಿಲ್ಲ. ಸೋಂಕಿನ ಜೊತೆ ಬಂದ ಕಿಡ್ನಿ ತೊಂದರೆ ಎಷ್ಟೋ ಜನರಲ್ಲಿ ಅಷ್ಟರೊಳಗೆ ಸುಧಾರಿಸುತ್ತದೆ, ಈ ಔಷಧಗಳಿಗೆ ತುಸು ಹೆಚ್ಚಾದರೂ ತಡೆಯುವ ಅಂತರವಿದೆ. ಸೆಫೆಪಿಮ್ ಇದಕ್ಕೆ ಹೊರತು: ರೋಗಿ ಗೊಂದಲಗೊಂಡರೆ, ಕೈಕಾಲು ಜರ್ರನೆ ಅದುರಿದರೆ ಮೊದಲು ಅದನ್ನೇ ಅನುಮಾನಿಸಿ. ವ್ಯಾಂಕೊಮೈಸಿನ್, ಅಮಿಕಾಸಿನ್‌ಗಳಿಗಂತೂ ಈ ಸಡಿಲಿಕೆ ಇಲ್ಲವೇ ಇಲ್ಲ. ಮೊದಲ ಡೋಸ್ ಪೂರ್ತಿ, ಆಮೇಲೆ ರಕ್ತದ ಮಟ್ಟ ನೋಡದೆ ಮುಂದುವರಿಯಬೇಡಿ. ವ್ಯಾಂಕೊಮೈಸಿನ್‌ಗೆ ತಳಮಟ್ಟ (ಮುಂದಿನ ಡೋಸ್‌ಗೆ ಸ್ವಲ್ಪ ಮುಂಚೆ ರಕ್ತದಲ್ಲಿರುವ ಮಟ್ಟ) 15–20 ಇರಲಿ ಎಂಬ ಹಳೆಯ ಗುರಿಯನ್ನು 2020ರ ಮಾರ್ಗಸೂಚಿ ಕೈಬಿಟ್ಟಿತು. ಈಗ ನೋಡುವುದು ದಿನದ ಒಟ್ಟು ಪ್ರಮಾಣವನ್ನು ತೋರುವ ಎಯುಸಿ, 400ರಿಂದ 600.

ಬೀಟಾ-ಲ್ಯಾಕ್ಟಮ್ ಕೊಲ್ಲುವುದು ಸಮಯದಿಂದ. ಬ್ಯಾಕ್ಟೀರಿಯಾ ತಡೆಯುವ ಮಟ್ಟಕ್ಕಿಂತ ಮೇಲೆ ಎಷ್ಟು ಹೊತ್ತು ಇದ್ದೀತು ಎನ್ನುವುದೇ ಮುಖ್ಯ. ಅದಕ್ಕೇ ಮೊದಲನೆಯದನ್ನು ಬೇಗ ಕೊಟ್ಟು, ನಂತರದ್ದನ್ನು ನಿಧಾನ ಹರಿಸುತ್ತೇವೆ: ಮೆರೊಪೆನೆಮ್ ಒಂದು ಗ್ರಾಂ 8 ಗಂಟೆಗೊಮ್ಮೆ, ಪ್ರತಿ ಸಲ ಮೂರು ಗಂಟೆ, ಪಿಪರಾಸಿಲಿನ್-ಟಾಜೊಬ್ಯಾಕ್ಟಮ್ 4.5 ಗ್ರಾಂ, ಪ್ರತಿ ಸಲ ನಾಲ್ಕು ಗಂಟೆ ಹರಿಸಿ. 2024ರ ಬ್ಲಿಂಗ್-3 ಪ್ರಯೋಗದಲ್ಲಿ ಸುಮಾರು 7,000 ರೋಗಿಗಳಿದ್ದರು. 90 ದಿನಗಳ ಸಾವು ನಿರಂತರ ಹರಿಸಿದವರಲ್ಲಿ 24.9%, ಬಿಟ್ಟುಬಿಟ್ಟು ಕೊಟ್ಟವರಲ್ಲಿ 26.8%. ಅದೊಂದರಿಂದಲೇ ಖಚಿತ ಎನ್ನಲಾಗದು. ಆದರೆ ಅದೇ ವರ್ಷ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆ ನಿರಂತರ ಹರಿವಿನ ಕಡೆಗೇ ವಾಲಿತು. ನಾನೂ ಆ ಕಡೆಯವಳೇ.

ಇಲ್ಲಿ ಒಬ್ಬ ಹಿರಿಯ ಸಿಸ್ಟರ್ ತೋರಿಸಿಕೊಟ್ಟದ್ದನ್ನು ಹೇಳಲೇಬೇಕು. ಬಾಟಲಿ ಖಾಲಿಯಾದ ಮೇಲೂ ಟ್ಯೂಬಿನೊಳಗೆ 15–20 ಮಿಲಿಲೀಟರ್ ಉಳಿದಿರುತ್ತದೆ. 100 ಮಿಲಿಲೀಟರಿನಲ್ಲಿ ಬೆರೆಸಿದ್ದರೆ ಹೆಚ್ಚುಕಡಿಮೆ ಐದನೇ ಒಂದು ಭಾಗ. ಆ ಟ್ಯೂಬನ್ನು ಕಿತ್ತು ಎಸೆದರೆ ನಾವು ಲೆಕ್ಕ ಹಾಕಿದ ಡೋಸ್‌ನ ಐದನೇ ಭಾಗ ಕಸದ ಬುಟ್ಟಿಗೆ ಹೋಯಿತು. ಸಲೈನ್ ಹಾಯಿಸಿ ಒಳಗೆ ತಳ್ಳಿ, ಆರ್ಡರ್‌ನಲ್ಲೇ ಹಾಗೆಂದು ಬರೆಯಿರಿ.

ಇನ್ನು ಕ್ರಿಯಾಟಿನಿನ್ ಕಡಿಮೆ ಇರುವವರು. ಅಪಘಾತದಲ್ಲಿ ಗಾಯಗೊಂಡ ಯುವಕರು, ಸುಟ್ಟಗಾಯದವರು. 0.6 ಎಂದು ಬಂದರೆ ಲ್ಯಾಬ್ ಕೆಂಪು ಗುರುತು ಹಾಕುವುದಿಲ್ಲ, ಯಾರೂ ತಿರುಗಿ ನೋಡುವುದಿಲ್ಲ. ಅಂಥವರ ಕಿಡ್ನಿ ಔಷಧವನ್ನು ಧಾರಾಕಾರ ಹೊರಗೆ ಸುರಿಯುತ್ತಿರಬಹುದು. 8 ಗಂಟೆಯ ಮೂತ್ರ ಸಂಗ್ರಹಿಸಿ. 960 ಮಿಲಿಲೀಟರ್ ಬಂದರೆ ನಿಮಿಷಕ್ಕೆ 2. ಮೂತ್ರದ ಕ್ರಿಯಾಟಿನಿನ್ 60, ರಕ್ತದ್ದು 0.6 ಆದರೆ, 60ನ್ನು 2ರಿಂದ ಗುಣಿಸಿ 0.6ರಿಂದ ಭಾಗಿಸಿ: ಕಿಡ್ನಿ ಶೋಧಿಸುವ ವೇಗ ನಿಮಿಷಕ್ಕೆ 200 ಮಿಲಿಲೀಟರ್. 130 ದಾಟಿದರೇ ಎಚ್ಚರವಾಗಬೇಕು. ಇಂಥವರಿಗೆ ಮೆರೊಪೆನೆಮ್ ಎರಡು ಗ್ರಾಂ 8 ಗಂಟೆಗೊಮ್ಮೆ ಬೇಕಾಗಬಹುದು, ತಜ್ಞರೊಂದಿಗೆ ಮಾತಾಡಿ ಏರಿಸಿ.

ಆರ್ಡರ್ ಬರೆಯುವಾಗ ಡೋಸ್‌ನ ಕೆಳಗೆ "ನಾಳೆ ಬೆಳಿಗ್ಗೆ 8ಕ್ಕೆ ಮತ್ತೆ ನೋಡಬೇಕು" ಎಂದು ಸೇರಿಸಿ. ಆ ಹೊತ್ತಿಗೆ ಮೂತ್ರ ಎಷ್ಟು, ಡಯಾಲಿಸಿಸ್ ಶುರುವಾಯಿತೇ ನಿಂತಿತೇ, ಕಲ್ಚರ್‌ನಲ್ಲಿ ಏನು ಬೆಳೆಯಿತು, ಆ ಬ್ಯಾಕ್ಟೀರಿಯಾಕ್ಕಷ್ಟೇ ಸಾಕಾಗುವ ಕಿರಿದಾದ ಔಷಧಕ್ಕೆ ಇಳಿಯಬಹುದೇ ಎಂದು ನೋಡಿ, ಡೋಸನ್ನು ಹೊಸದಾಗಿ ಬರೆಯಿರಿ.