ಬ್ಲೇಡು ತೂರಿದರೆ ಸಾಕು: ಸ್ಕ್ರಾಲ್ ಸಾ ಕೆಲಸಕ್ಕೆ ಸಣ್ಣ ಡ್ರಿಲ್ ಬಿಟ್ ಆರಿಸುವುದು ಹೇಗೆ?

ಹಲಗೆಯ ನಡುವೆ ಒಂದು ಎಲೆಯ ಆಕಾರ ಕತ್ತರಿಸಿ ತೆಗೆಯಬೇಕು ಅಂದುಕೊಳ್ಳಿ. ಅಂಚಿನಿಂದ ಕೊಯ್ಯುತ್ತ ಒಳಗೆ ಹೋದರೆ ಚಿತ್ತಾರವೇ ಕೆಡುತ್ತದೆ. ಅದಕ್ಕೆ ಎಲೆಯೊಳಗೆ ಮೊದಲು ಒಂದು ತೂತು ಕೊರೆಯಬೇಕು. ಆಮೇಲೆ ಸ್ಕ್ರಾಲ್ ಸಾದ (ತೆಳು ಬ್ಲೇಡು ಮೇಲೆ ಕೆಳಗೆ ಆಡುತ್ತ ಚಿತ್ತಾರ ಕೊಯ್ಯುವ ಗರಗಸ ಯಂತ್ರದ) ಬ್ಲೇಡಿನ ಒಂದು ತುದಿ ಬಿಚ್ಚಿ, ತೂತಿನಲ್ಲಿ ತೂರಿಸಿ, ಮತ್ತೆ ಬಿಗಿದು ಕೊಯ್ಯಬೇಕು. ಜಾಲರಿಯಂಥ ಚಿತ್ತಾರವಾದರೆ ಇಂಥ ತೂತುಗಳು ನೂರು ದಾಟಿದರೂ ಆಶ್ಚರ್ಯವಿಲ್ಲ.

ಹೊಸಬರು ಸಾಮಾನ್ಯವಾಗಿ ಮನೆಯಲ್ಲಿರುವ ಬಿಟ್‌ಗಳಲ್ಲೇ ಸಣ್ಣದನ್ನು ಹುಡುಕಿ ಕೊರೆಯಲು ಶುರುಮಾಡುತ್ತಾರೆ. ನಾನೂ ಹಾಗೇ ಮಾಡಿದ್ದೆ. 3 ಮಿ.ಮೀ. ತೂತು ಕೊರೆದೆ, 2 ಮಿ.ಮೀ. ಅಗಲದ ಬಳ್ಳಿ ಕಾಣದಂತೆ ಹೋಯಿತು! ಬಿಟ್‌ನ ಅಳತೆ ಹೇಳಬೇಕಾದ್ದು ಬ್ಲೇಡು. ಅಲ್ಲಿಂದಲೇ ಶುರುಮಾಡೋಣ.

ಮೊದಲು ಬ್ಲೇಡಿನ ತುದಿ ನೋಡಿ

ಸ್ಕ್ರಾಲ್ ಸಾ ಬ್ಲೇಡುಗಳಲ್ಲಿ ಎರಡು ಜಾತಿ. ಒಂದರ ಎರಡೂ ತುದಿಗಳಲ್ಲಿ ಅಡ್ಡಕ್ಕೆ ಪುಟ್ಟ ಪಿನ್ ಇರುತ್ತದೆ. ಇನ್ನೊಂದರ ತುದಿ ಬರೀ ಚಪ್ಪಟೆ. ಪಿನ್ ಇರುವ ಬ್ಲೇಡು ತೂರಬೇಕಾದರೆ ತೂತು ಹತ್ತಿರ ಹತ್ತಿರ 5 ಮಿ.ಮೀ. ಇರಬೇಕು. ನಿಮ್ಮ ಯಂತ್ರ ಪಿನ್ ಬ್ಲೇಡನ್ನು ಮಾತ್ರ ಹಿಡಿಯುತ್ತದೆ ಎಂದಾದರೆ ಸಣ್ಣ ಬಿಟ್‌ಗಾಗಿ ಅಲೆಯುವುದು ದಂಡ. ಸೂಕ್ಷ್ಮ ಕೆಲಸದ ಆಸೆ ಇದ್ದರೆ ಮೊದಲು ಚಪ್ಪಟೆ ತುದಿಯ ಬ್ಲೇಡು ಹಿಡಿಯುವ ಕ್ಲಾಂಪ್ ಸಿಗುತ್ತದಾ ಎಂದು ವಿಚಾರಿಸಿ.

ಕೋನದಿಂದ ಕೋನಕ್ಕೆ ಅಳೆಯಿರಿ

ಮುಂದಿನದೆಲ್ಲ ಚಪ್ಪಟೆ ತುದಿಯ ಬ್ಲೇಡಿನ ಮಾತು. 5ನೇ ನಂಬರಿನ ಬ್ಲೇಡಿನ ಅಗಲ ಸುಮಾರು 0.97 ಮಿ.ಮೀ. ಹಾಗಾದರೆ 1 ಮಿ.ಮೀ. ತೂತು ಸಾಕಲ್ವಾ? ಸಾಕಾಗುವುದಿಲ್ಲ. ತೂತು ದುಂಡಗೆ ಇರುತ್ತದೆ, ಬ್ಲೇಡು ಆಯತ. ದುಂಡು ತೂತಿನಲ್ಲಿ ಆಯತ ತೂರಬೇಕಾದರೆ ಅದರ ಕೋನದಿಂದ ಕೋನಕ್ಕಿರುವ ಅಳತೆ ಹಿಡಿಸಬೇಕು. ಈ ಬ್ಲೇಡಿನ ದಪ್ಪ 0.4 ಮಿ.ಮೀ. ಆಸುಪಾಸು. ಲೆಕ್ಕ ಹಾಕಿದರೆ ಕರ್ಣ 1.05 ಮಿ.ಮೀ. ಬರುತ್ತದೆ. ಕೂದಲೆಳೆಯಷ್ಟರಲ್ಲಿ 1 ಮಿ.ಮೀ. ಬಿಟ್ ಸೋತಿತು.

ಇನ್ನೊಂದು ಸಂಗತಿ ಇದೆ. ಕ್ಲಾಂಪಿನಲ್ಲಿ ನಾಲ್ಕಾರು ಸಲ ಬಿಗಿದು ಬಿಚ್ಚಿದ ಮೇಲೆ ಬ್ಲೇಡಿನ ತುದಿ ಸ್ವಲ್ಪ ಸೊಟ್ಟಗಾಗುತ್ತದೆ. ಹಾಗಾಗಿ ಕರ್ಣಕ್ಕಿಂತ 0.1ರಿಂದ 0.2 ಮಿ.ಮೀ. ಜಾಸ್ತಿ ಇರುವ ಬಿಟ್ ತೆಗೆದುಕೊಳ್ಳಿ. 5ನೇ ನಂಬರಿಗೆ 1.2 ಮಿ.ಮೀ. ಆರಾಮಾಗಿ ಹೊಂದುತ್ತದೆ. 3ನೇ ನಂಬರಿಗೆ 1 ಮಿ.ಮೀ., 7ಕ್ಕೆ 1.4 ಅಥವಾ 1.5, 9ಕ್ಕೆ 1.6. ತೀರ ತೆಳುವಾದ 2/0 ಬ್ಲೇಡಿಗೆ 0.7 ಅಥವಾ 0.8 ಮಿ.ಮೀ. ಇದ್ದರೆ ಆಯಿತು. ಇವು ಅಂದಾಜು ಲೆಕ್ಕ. ಒಂದೇ ನಂಬರಿನ ಬ್ಲೇಡೂ ಕಂಪನಿಯಿಂದ ಕಂಪನಿಗೆ ತುಸು ಬೇರೆ ಇರುತ್ತದೆ. ಸೂಕ್ಷ್ಮ ಅಳತೆಯ ಸಾಧನ ಕ್ಯಾಲಿಪರ್ ಇದ್ದರೆ ನಿಮ್ಮ ಬ್ಲೇಡನ್ನೇ ಅಳೆದುಬಿಡಿ. ತಿರುಚಿದ ಸ್ಪೈರಲ್ ಬ್ಲೇಡುಗಳಲ್ಲಿ ಕೆಲವಕ್ಕೆ ತುದಿ ಮಾತ್ರ ಚಪ್ಪಟೆಯಾಗಿರುತ್ತದೆ. ಅಂಥದ್ದರಲ್ಲಿ ನಡುವಿನ ಅಳತೆ ನಂಬಬೇಡಿ, ತುದಿಯನ್ನು ಅಳೆಯಿರಿ.

ಜಾಗ ತೀರ ಕಿರಿದಾಗಿದ್ದು ಇಷ್ಟೂ ದೊಡ್ಡ ತೂತು ಕೊರೆಯಲು ಆಗದಿದ್ದರೆ ಒಂದು ಉಪಾಯವಿದೆ. ಬ್ಲೇಡಿನ ತೂರುವ ತುದಿಯನ್ನು ಅರ ಅಥವಾ ಉಪ್ಪುಕಾಗದಕ್ಕೆ ಉಜ್ಜಿ ಕೋನಗಳನ್ನು ಸ್ವಲ್ಪ ದುಂಡಗೆ ಮಾಡಿ. ಸೂಜಿಗೆ ದಾರ ಪೋಣಿಸುವಾಗ ದಾರದ ತುದಿ ಚೂಪು ಮಾಡುವುದಿಲ್ಲವೇ, ಹಾಗೆ.

ಮೂರು ಬಗೆಯ ಅಳತೆ, ಒಂದು ಬಲೆ

ಸಣ್ಣ ಬಿಟ್‌ಗಳ ಮೇಲೆ ಮಿ.ಮೀ. ಇರಬಹುದು, ಇಂಚಿನ ಭಿನ್ನರಾಶಿ ಇರಬಹುದು, ಬರೀ ನಂಬರ್ ಇರಬಹುದು. ಇಂಚಿನದು ಸುಲಭ. 1/16 ಇಂಚು ಅಂದರೆ ಸುಮಾರು 1.59 ಮಿ.ಮೀ., 3/64 ಅಂದರೆ 1.19, 1/32 ಅಂದರೆ 0.79.

ತಲೆ ಕೆಡಿಸುವುದು ನಂಬರಿನ ಪದ್ಧತಿ. ಇಲ್ಲಿ ಲೆಕ್ಕ ಉಲ್ಟಾ: ನಂಬರ್ ಏರಿದಷ್ಟೂ ಬಿಟ್ ಸಣ್ಣದು. 1ನೇ ನಂಬರ್ 5.79 ಮಿ.ಮೀ., 60ನೇದು 1.02, 80ನೇದು 0.34. ಬ್ಲೇಡಿನ ನಂಬರಿಗೂ ಬಿಟ್‌ನ ನಂಬರಿಗೂ ಸಂಬಂಧವೇ ಇಲ್ಲ ಅನ್ನುವುದನ್ನೂ ನೆನಪಿಡಿ.

ಬಲೆ ಇರುವುದು ಇಲ್ಲಿ. 'ಸಣ್ಣ ಬಿಟ್ ಸೆಟ್' ಎಂದು ಕೇಳಿದರೆ ಹೆಚ್ಚಾಗಿ ಕೈಗೆ ಬರುವುದು 61ರಿಂದ 80ರವರೆಗಿನ ಡಬ್ಬಿ. ಇಪ್ಪತ್ತು ಬಿಟ್, ಸಾಲಾಗಿ ಜೋಡಿಸಿಟ್ಟ ಅಂದ, ನೋಡಿದರೆ ಆಸೆಯಾಗುತ್ತದೆ. ಆದರೆ ಅದರಲ್ಲಿ ಎಲ್ಲಕ್ಕಿಂತ ದಪ್ಪದ್ದೇ 0.99 ಮಿ.ಮೀ. ಜನ ಜಾಸ್ತಿ ಬಳಸುವ 5ನೇ ನಂಬರಿನ ಬ್ಲೇಡು ಅವು ಕೊರೆದ ಯಾವ ತೂತಿನಲ್ಲೂ ಹೋಗುವುದಿಲ್ಲ. ಕೊನೆಯ ಹತ್ತು ಬಿಟ್‌ಗಳಂತೂ ಡಬ್ಬಿಯ ಅಂದಕ್ಕೆ ಮಾತ್ರ. ಸೆಟ್ ಬೇಕೇ ಬೇಕು ಅನ್ನುವವರು 51ರಿಂದ 60ರದ್ದು ನೋಡಿ. ಅದು 1.70ರಿಂದ 1.02 ಮಿ.ಮೀ. ತನಕ ಇರುತ್ತದೆ. ನನ್ನನ್ನು ಕೇಳಿದರೆ ಸೆಟ್ಟೇ ಬೇಡ. ನಿಮ್ಮ ಎರಡೋ ಮೂರೋ ಬ್ಲೇಡಿಗೆ ಹೊಂದುವ ಅಳತೆ ಗೊತ್ತುಮಾಡಿಕೊಂಡು, ಒಂದೊಂದರಲ್ಲೂ ಹತ್ತು ಬಿಟ್‌ನ ಪ್ಯಾಕೆಟ್ ತನ್ನಿ. ಇವು ಮುರಿಯುವ ವಸ್ತು, ಒಂದು ಇಟ್ಟುಕೊಂಡರೆ ಸಾಲದು.

ಎಚ್‌ಎಸ್‌ಎಸ್ ಬೇಕೋ, ಕಾರ್ಬೈಡ್ ಬೇಕೋ?

ಈ ಪ್ರಶ್ನೆಗೆ ಉತ್ತರ ನಿಮ್ಮ ಡ್ರಿಲ್‌ನಲ್ಲಿದೆ. ಕೈಯಲ್ಲಿ ಹಿಡಿದು ಕೊರೆಯುವವರಿಗೆ ಎಚ್‌ಎಸ್‌ಎಸ್, ಅಂದರೆ ಹೈಸ್ಪೀಡ್ ಸ್ಟೀಲ್. ಕೈ ಸ್ವಲ್ಪ ವಾಲಿದರೆ ಅದು ಬಾಗಿ ತಡೆದುಕೊಳ್ಳುತ್ತದೆ. ಕಾರ್ಬೈಡ್ ತುಂಬ ಗಟ್ಟಿ, ಆದರೆ ಗಾಜಿನ ಕಡ್ಡಿಯ ಹಾಗೆ. ಪಕ್ಕಕ್ಕೆ ಒತ್ತು ಬಿದ್ದರೆ ಬಾಗುವ ಮಾತೇ ಇಲ್ಲ, ಟಕ್ಕನೆ ತುಂಡು. ತುಂಡು ಕಣ್ಣಿಗೆ ಹಾರಬಹುದು, ಕನ್ನಡಕ ಹಾಕಿಕೊಳ್ಳಿ. ಮರದೊಳಗೇ ಉಳಿದುಬಿಟ್ಟರೆ ಮುಂದೆ ಬ್ಲೇಡಿನ ಹಲ್ಲು ಅದಕ್ಕೆ ತಾಗುತ್ತದೆ. ಕೈಡ್ರಿಲ್‌ನಲ್ಲಿ ಕಾರ್ಬೈಡ್ ಹಾಕಿ ನಾನು ಒಂದೇ ಸಂಜೆ ನಾಲ್ಕು ಕಳೆದುಕೊಂಡೆ.

ಹಾಗಂತ ಕಾರ್ಬೈಡನ್ನು ತಳ್ಳಿಹಾಕಬೇಡಿ. ಡ್ರಿಲ್ ಪ್ರೆಸ್ (ಕಂಬಕ್ಕೆ ಕೂರಿಸಿದ ಡ್ರಿಲ್) ಇದ್ದು, ಅದು ಅಲುಗಾಡದೆ ನೇರ ಇಳಿಯುವುದಾದರೆ ಕಾರ್ಬೈಡ್ ಕೊರೆದ ತೂತಿನ ಅಂಚು ಚೊಕ್ಕಟವಾಗಿರುತ್ತದೆ. ಎಲೆಕ್ಟ್ರಾನಿಕ್ ಸರ್ಕ್ಯೂಟ್ ಬೋರ್ಡಿಗೆ ತೂತು ಹಾಕಲು ಬಳಸುವ ಪಿಸಿಬಿ ಬಿಟ್‌ಗಳು ಇದೇ ಜಾತಿ. ಅವುಗಳಲ್ಲಿ ಇನ್ನೊಂದು ಅನುಕೂಲ ಇದೆ. ಕೊರೆಯುವ ತುದಿ ಎಷ್ಟೇ ಸಣ್ಣದಿರಲಿ, ಚಕ್‌ಗೆ (ಡ್ರಿಲ್‌ನಲ್ಲಿ ಬಿಟ್ ಹಿಡಿಯುವ ಬಾಯಿಗೆ) ಸಿಕ್ಕಿಸುವ ಹಿಂಭಾಗ ಮಾತ್ರ ಒಂದೇ ದಪ್ಪ, 1/8 ಇಂಚು.

ಚಕ್ ಹಿಡಿಯುತ್ತದಾ?

ಅದು ಯಾಕೆ ಅನುಕೂಲ ಅಂದರೆ, ದೊಡ್ಡ ಡ್ರಿಲ್‌ನ 13 ಮಿ.ಮೀ. ಚಕ್ ಸಾಮಾನ್ಯವಾಗಿ 1.5 ಮಿ.ಮೀ.ಗಿಂತ ಸಣ್ಣದನ್ನು ಹಿಡಿಯುವುದಿಲ್ಲ. ಎಷ್ಟು ಬಿಗಿದರೂ ನಡುವೆ ಸಂದು ಉಳಿಯುತ್ತದೆ, ಬಿಟ್ ಕೆಳಗೆ ಜಾರುತ್ತದೆ. ಚಕ್ ಮೇಲೆ ಅದು ಹಿಡಿಯುವ ಅಳತೆಯನ್ನು ಕೆತ್ತಿರುತ್ತಾರೆ, ಅಂಗಡಿಗೆ ಹೋಗುವ ಮೊದಲು ಓದಿಕೊಳ್ಳಿ. ಬಿಟ್‌ಗೆ ಟೇಪ್ ಸುತ್ತಿ ಸಿಕ್ಕಿಸುವವರನ್ನು ನೋಡಿದ್ದೇನೆ. ಬಿಟ್ ನಡುವಿಗೆ ಕೂರದೆ ಓಲಾಡುತ್ತದೆ, ತೂತು ದೊಡ್ಡದಾಗುತ್ತದೆ. ಅದಕ್ಕಿಂತ ಚಿಕ್ಕ ಪಿನ್ ಚಕ್ ತಂದು ದೊಡ್ಡ ಚಕ್‌ನಲ್ಲಿ ಸಿಕ್ಕಿಸಿ. ರೋಟರಿ ಟೂಲ್ (ಕೈಯಲ್ಲಿ ಹಿಡಿದು ಬಳಸುವ, ಜೋರಾಗಿ ತಿರುಗುವ ಪುಟ್ಟ ಯಂತ್ರ) ಇರುವವರು ಅದಕ್ಕೆ ಸಿಗುವ ಚಿಕ್ಕ ಕೀಲಿರಹಿತ ಚಕ್ ಹಾಕಬಹುದು. ತೂತು ನಾಲ್ಕೈದೇ ಇದ್ದರೆ ಬೆರಳಲ್ಲಿ ತಿರುಗಿಸುವ ಪಿನ್ ವೈಸ್ ಸಾಕು. ನಿಧಾನ ನಿಜ, ಆದರೆ ಬಿಟ್ ಮುರಿಯುವುದು ಕಮ್ಮಿ.

ಉದ್ದ ಮರೆಯಬೇಡಿ

ಅಳತೆ ಸರಿಯಾಗಿ ಹಿಡಿದು ತಂದ ಮೇಲೂ ಕೈಕೊಡುವುದು ಉದ್ದ. ಬಿಟ್ ಸಣ್ಣದಾದಂತೆ ಅದರ ಸುರುಳಿ ಭಾಗವೂ ಗಿಡ್ಡವಾಗುತ್ತದೆ. ಸಾಮಾನ್ಯ ಅಳತೆಯ 1 ಮಿ.ಮೀ. ಬಿಟ್ ಒಟ್ಟು 34 ಮಿ.ಮೀ. ಉದ್ದ, ಅದರಲ್ಲಿ ಸುರುಳಿ 12 ಮಿ.ಮೀ. ಮಾತ್ರ. 0.5 ಮಿ.ಮೀ. ಬಿಟ್‌ನಲ್ಲಿ ಸುರುಳಿ ಬರೀ 6. ಹುಡಿ ಹೊರಗೆ ಬರುವುದು ಈ ಸುರುಳಿಯಿಂದಲೇ. ಅದು ಪೂರ್ತಿ ಮರದೊಳಗೆ ಮುಳುಗಿದರೆ ಹುಡಿಗೆ ದಾರಿ ಇಲ್ಲ, ಬಿಟ್ ಬಿಸಿಯಾಗಿ ಸಿಕ್ಕಿಕೊಂಡು ಮುರಿಯುತ್ತದೆ. 3 ಮಿ.ಮೀ. ಪ್ಲೈವುಡ್ ನಾಲ್ಕು ಹಾಳೆ ಒಂದರ ಮೇಲೊಂದು ಅಂಟಿಸಿ ಕೊಯ್ಯುವವರಿಗೆ ಅಲ್ಲಿಗೇ 12 ಮಿ.ಮೀ. ಆಯಿತು. ಮೂರೇ ಹಾಳೆ ಇಟ್ಟುಕೊಳ್ಳಿ, ಇಲ್ಲವೇ 1.5 ಮಿ.ಮೀ. ಬಿಟ್‌ಗೆ ಹೋಗಿ. ಅದರ ಸುರುಳಿ 18 ಮಿ.ಮೀ. ಇರುತ್ತದೆ.

ಎಲ್ಲಿ ಹುಡುಕುವುದು?

ಸಾಮಾನ್ಯ ಹಾರ್ಡ್‌ವೇರ್ ಅಂಗಡಿಯ ಸೆಟ್ ಹೆಚ್ಚಾಗಿ 1 ಅಥವಾ 1.5 ಮಿ.ಮೀ.ಗೆ ನಿಲ್ಲುತ್ತದೆ. ಅದಕ್ಕಿಂತ ಸಣ್ಣದು ಬೇಕಾದರೆ ಸಣ್ಣ ತೂತೇ ಕಸುಬಾಗಿರುವವರ ದಾರಿ ಹಿಡಿಯಿರಿ. ಅಕ್ಕಸಾಲಿಗಳು, ಗಡಿಯಾರ ರಿಪೇರಿಯವರು, ಪುಟಾಣಿ ವಿಮಾನ-ರೈಲು ಮಾದರಿ ಮಾಡುವವರು, ಸರ್ಕ್ಯೂಟ್ ಬೋರ್ಡ್ ತಯಾರಿಸುವವರು. ಇವರಿಗೆ ಸಾಮಾನು ಒದಗಿಸುವವರ ಬಳಿ ಬಿಡಿಬಿಡಿ ಅಳತೆಯೂ ಸಿಗುತ್ತದೆ. ಆನ್‌ಲೈನ್‌ನಲ್ಲಿ ತರಿಸುವಾಗ ನಾಲ್ಕು ವಿಷಯ ಬರೆದಿದೆಯಾ ನೋಡಿ: ಬಿಟ್‌ನ ಅಳತೆ, ಹಿಂಭಾಗದ ದಪ್ಪ, ಸುರುಳಿಯ ಉದ್ದ, ಲೋಹ. ಬರೆಯದೆ ಬರೀ ಫೋಟೊ ಹಾಕಿದ್ದರೆ ನಾನು ಮುಂದಕ್ಕೆ ಹೋಗುತ್ತೇನೆ.

ಬಿಟ್ ಬರುವ ತನಕ ಕಾಯಲಾಗದವರಿಗೆ ಹಳೆಯ ಉಪಾಯ ಒಂದಿದೆ. ತೆಳು ಮೊಳೆಯ ತಲೆ ಕತ್ತರಿಸಿ ಅದನ್ನೇ ಚಕ್‌ಗೆ ಹಾಕಿ ಕೊರೆಯಿರಿ. ಮೆದು ಮರದಲ್ಲಿ ಕೆಲಸ ನಡೆಯುತ್ತದೆ. ತೂತು ಒರಟು, ಆದರೆ ಅದು ಹೇಗೂ ಕತ್ತರಿಸಿ ಬಿಸಾಡುವ ಭಾಗದಲ್ಲಿ ಇರುವುದು ತಾನೇ?

ಕೊರೆಯುವಾಗ

ಕೊರೆಯುವ ಜಾಗದಲ್ಲಿ ದಬ್ಬಣದಿಂದ ಸಣ್ಣ ಗುಳಿ ಮಾಡಿ, ಇಲ್ಲದಿದ್ದರೆ ಬಿಟ್ ಜಾರುತ್ತದೆ. ತೂತು ಬಿಸಾಡುವ ಭಾಗದಲ್ಲೇ ಇರಲಿ. ನಟ್ಟನಡುವೆ ಬೇಡ, ಗೆರೆಯ ಹತ್ತಿರ, ಒಂದು ಮೂಲೆಯ ಕಡೆ. ಕೊಯ್ಯುವ ದಾರಿ ಕಮ್ಮಿಯಾಗುತ್ತದೆ. ಹಲಗೆಯ ಕೆಳಗೆ ಹಳೆಯ ಮರದ ತುಂಡು ಇಟ್ಟರೆ ಹಿಂಬದಿ ಸಿಬಿರೇಳುವುದು ಕಮ್ಮಿ.

ಸಣ್ಣ ಬಿಟ್‌ಗೆ ವೇಗ ಬೇಕು. 1 ಮಿ.ಮೀ. ಬಿಟ್ ನಿಮಿಷಕ್ಕೆ 3,000 ಸುತ್ತು ತಿರುಗಿದರೂ ಅದರ ಅಂಚು ಓಡುವುದು 10 ಮಿ.ಮೀ. ಬಿಟ್ 300 ಸುತ್ತು ತಿರುಗಿದಾಗ ಓಡುವಷ್ಟೇ. ವೇಗ ಜಾಸ್ತಿ, ಒತ್ತಡ ಕಮ್ಮಿ. ಒಂದೇ ಸಲ ಕೆಳಗಿಳಿಸಬೇಡಿ. ಒಂದೆರಡು ಮಿ.ಮೀ. ಇಳಿಸಿ, ಮೇಲೆತ್ತಿ, ಹುಡಿ ಬೀಳಲಿ, ಮತ್ತೆ ಇಳಿಸಿ.

ಎಲ್ಲ ತೂತೂ ಮುಗಿದ ಮೇಲೆ ಹಲಗೆ ಮಗುಚಿ ಹಿಂಬದಿಗೆ ಉಪ್ಪುಕಾಗದ ಎಳೆಯಿರಿ. ಆ ಸಿಬಿರು ಉಳಿದರೆ ಹಲಗೆ ಯಂತ್ರದ ಮೇಜಿನ ಮೇಲೆ ಸರಾಗವಾಗಿ ಜಾರುವುದಿಲ್ಲ, ಬ್ಲೇಡಿನ ತುದಿಯೂ ತಡವರಿಸುತ್ತದೆ. ಈಗ ಬ್ಲೇಡು ತೂರಿಸಿ ನೋಡಿ. ತಳ್ಳದೆ ಒಳಗೆ ಹೋಯಿತಾದರೆ ಬಿಗಿದುಕೊಂಡು ಕೊಯ್ಯಲು ಶುರುಮಾಡಿ.