ಸಸಿ ನೆಡುವ ಮುನ್ನ, ಸೌರಫಲಕ ಕೊಳ್ಳುವ ಮುನ್ನ

ಹತ್ತಿಪ್ಪತ್ತು ಮನೆಗಳವರು ಸೇರಿ ಪರಿಸರಕ್ಕಾಗಿ ಏನಾದರೂ ಮಾಡೋಣವೆಂದು ಹೊರಟಾಗ ಸಾಮಾನ್ಯವಾಗಿ ಎರಡು ಕೆಲಸಗಳಿಗೆ ಕೈಹಾಕುತ್ತಾರೆ: ತಾರಸಿಯ ಮೇಲೆ ಸೌರಫಲಕ, ಖಾಲಿ ಜಾಗದಲ್ಲಿ ಸಸಿ. ಎರಡೂ ಒಳ್ಳೆಯ ಕೆಲಸಗಳೇ, ಆದರೆ ಎರಡೂ ಮೊದಲು ಮಾಡಬೇಕಾದವಲ್ಲ. ಮಳೆಗಾಲದ ಒಂದು ಭಾನುವಾರ ನೂರಾರು ಗುಂಡಿ ತೋಡಿ ನೆಟ್ಟ ಸಸಿಗಳು ಮರುವರ್ಷದ ಬೇಸಿಗೆಗೆ ಒಣಕಡ್ಡಿಗಳಾಗಿ ನಿಂತದ್ದನ್ನು, ಆ ಬೇಸರದಲ್ಲಿ ಗುಂಪೇ ಚದುರಿಹೋದದ್ದನ್ನು ನಾನು ಹಲವು ಕಡೆ ನೋಡಿದ್ದೇನೆ. ಅಲ್ಲಿ ಉತ್ಸಾಹಕ್ಕೆ ಕೊರತೆಯಿರಲಿಲ್ಲ. ಕೆಲಸದ ಕ್ರಮ ತಲೆಕೆಳಗಾಗಿತ್ತು. ಮನೆಯಾಗಲಿ ಭೂಮಿಯಾಗಲಿ, ಈಗಾಗಲೇ ಅಲ್ಲಿ ಏನಿದೆ, ಅದರಲ್ಲಿ ಏನು ಸೋರಿಹೋಗುತ್ತಿದೆ ಎಂಬುದನ್ನು ನೋಡಿಕೊಂಡು ಅದನ್ನು ಉಳಿಸುವುದು ಮೊದಲು. ಹೊಸದನ್ನು ತರುವುದು ಆಮೇಲೆ.

ಜಗತ್ತಿನಲ್ಲಿ ಇಂಧನ ಬಳಕೆಯಿಂದ ಹೊಮ್ಮುವ ಇಂಗಾಲದಲ್ಲಿ ಕಾಲು ಭಾಗಕ್ಕಿಂತ ತುಸು ಹೆಚ್ಚು ಪಾಲು ಕಟ್ಟಡಗಳಿಗೆ ಬೇಕಾದ ತಂಪು, ಶಾಖ, ಬೆಳಕು ಮತ್ತು ಬಿಸಿನೀರಿನದು. 2022ರ ಡಿಸೆಂಬರ್‌ನಲ್ಲಿ ಕುನ್ಮಿಂಗ್–ಮಾಂಟ್ರಿಯಲ್ ಜೀವವೈವಿಧ್ಯ ಚೌಕಟ್ಟನ್ನು ಒಪ್ಪಿಕೊಂಡ ರಾಷ್ಟ್ರಗಳು, ಹಾಳಾದ ನೆಲ ಮತ್ತು ಜಲಪ್ರದೇಶಗಳಲ್ಲಿ ಕನಿಷ್ಠ ಶೇ 30ರಷ್ಟನ್ನು 2030ರೊಳಗೆ ಪುನಶ್ಚೇತನದ ಕೆಲಸಕ್ಕೆ ಒಳಪಡಿಸುವ ಗುರಿ ಇಟ್ಟುಕೊಂಡಿವೆ. ಗುರಿ ಸರ್ಕಾರಗಳದ್ದಾದರೂ ಕೆಲಸ ನಡೆಯಬೇಕಾಗಿರುವುದು ಒಂದೊಂದು ತಾರಸಿಯ ಮೇಲೆ, ಒಂದೊಂದು ತುಂಡು ನೆಲದ ಮೇಲೆ.

ಹಂತ 1: ಗುಂಪು ಮತ್ತು ಒಪ್ಪಿಗೆ

ಒಂದೇ ದಿನ ಬಂದು ಹೋಗುವ ಎಂಬತ್ತು ಮಂದಿಗಿಂತ ವಾರವಾರವೂ ತಪ್ಪದೆ ಬರುವ ಎಂಟು ಮಂದಿ ಮೇಲು. ಕೆಲಸ ಮಾಡಲಿರುವ ಜಾಗದ ಒಡೆತನ ಯಾರದೋ ಅವರಿಂದ ಲಿಖಿತ ಒಪ್ಪಿಗೆ ಪಡೆಯದೆ ಒಂದು ಹುಲ್ಲುಕಡ್ಡಿಯನ್ನೂ ಕೀಳಬೇಡಿ.

ಹಂತ 2: ಮನೆಯ ಲೆಕ್ಕ

ಪ್ರತಿ ಮನೆಯವರೂ ಹಿಂದಿನ 12 ತಿಂಗಳ ವಿದ್ಯುತ್ ಬಿಲ್ಲುಗಳನ್ನು ತೆಗೆದು, ಮೊತ್ತವನ್ನು ಬಿಟ್ಟು ಯೂನಿಟ್‌ಗಳನ್ನಷ್ಟೇ ಒಂದು ಪುಸ್ತಕದಲ್ಲಿ ಬರೆದುಕೊಳ್ಳಲಿ. ದರ ಬದಲಾಗುತ್ತಿರುತ್ತದೆ, ಯೂನಿಟ್ ಬದಲಾಗುವುದಿಲ್ಲ. ಅಡುಗೆ ಅನಿಲ ಮತ್ತು ಇತರ ಇಂಧನದ ಲೆಕ್ಕವೂ ಪಕ್ಕದಲ್ಲಿರಲಿ. ರಾತ್ರಿ ಮಲಗುವಾಗ ಒಮ್ಮೆ, ಬೆಳಿಗ್ಗೆ ಏಳುತ್ತಲೇ ಒಮ್ಮೆ ಮೀಟರ್ ನೋಡಿ ಬರೆದುಕೊಂಡರೆ, ಎಲ್ಲರೂ ನಿದ್ರಿಸುತ್ತಿರುವಾಗಲೂ ಮನೆ ಎಷ್ಟು ವಿದ್ಯುತ್ ಕುಡಿಯುತ್ತದೆ ಎಂಬುದು ತಿಳಿಯುತ್ತದೆ. ಹಳೆಯ ಫ್ರಿಜ್, ಆರಿಸಲು ಮರೆತ ಗೀಸರ್, ಸದಾ ಉರಿಯುವ ಹೊರದೀಪ ಎಲ್ಲವೂ ಈ ಒಂದು ಅಂಕಿಯಲ್ಲಿ ಸಿಕ್ಕಿಬೀಳುತ್ತವೆ.

ಸಾಕೆಟ್‌ಗೆ ಸಿಕ್ಕಿಸಿದರೆ ಸಾಕು, ಬಿಲ್ಲು ಅರ್ಧಕ್ಕಿಳಿಯುತ್ತದೆಂದು ಮಾರುವ ಪುಟ್ಟ ಪೆಟ್ಟಿಗೆಗಳನ್ನು ದಯವಿಟ್ಟು ಕೊಳ್ಳಬೇಡಿ. ಅವುಗಳ ಒಳಗೆ ಹೆಚ್ಚೆಂದರೆ ಒಂದು ಕೆಪಾಸಿಟರ್ ಇರುತ್ತದೆ. ಮನೆಯ ಮೀಟರ್ ಅಳೆಯುವುದು ನಾವು ನಿಜವಾಗಿ ಬಳಸಿದ ಕಿಲೋವ್ಯಾಟ್ ಗಂಟೆಗಳನ್ನು, ಅಂದರೆ ಯೂನಿಟ್‌ಗಳನ್ನು. ಆ ಪೆಟ್ಟಿಗೆ ಅದರಲ್ಲಿ ಏನನ್ನೂ ಕಡಿಮೆ ಮಾಡುವುದಿಲ್ಲ.

ಹಂತ 3: ಮೊದಲು ಮನೆಯ ಮೈ, ನಂತರ ಉಪಕರಣ, ಕೊನೆಗೆ ಸೌರಫಲಕ

ಈ ಕ್ರಮವನ್ನು ಬದಲಿಸಬೇಡಿ. ಶಾಖ ಒಳನುಗ್ಗುವ ಅಥವಾ ಹೊರಹೋಗುವ ದಾರಿಗಳನ್ನು ಮುಚ್ಚದೆ ಸೌರಫಲಕ ಕೂರಿಸುವುದೆಂದರೆ ತೂತು ಬಿದ್ದ ಕೊಡಕ್ಕೆ ನೀರು ಸೇದಿದಂತೆ. ಚಳಿಯ ನಾಡಿನಲ್ಲಿ ಬಾಗಿಲು ಕಿಟಕಿಗಳ ಸಂದುಗಳನ್ನು ಮುಚ್ಚಿ ಮಾಡಿನ ಒಳಭಾಗಕ್ಕೆ ಶಾಖನಿರೋಧಕ ಹೊದಿಕೆ ಹಾಸುವುದು ಮೊದಲ ಕೆಲಸ. ಬಿಸಿಲ ನಾಡಿನಲ್ಲಿ ಕಿಟಕಿಗೆ ಹೊರಗಿನಿಂದ ನೆರಳು ಮಾಡುವುದು ಮತ್ತು ತಾರಸಿಗೆ ಬಿಳಿಯ ಲೇಪ ಬಳಿಯುವುದು ಮೊದಲ ಕೆಲಸ. ಒಳಗಿನ ಪರದೆ ನೆರಳಿಗೆ ಸಾಟಿಯಲ್ಲ, ಏಕೆಂದರೆ ಪರದೆಗೆ ತಾಗುವ ಹೊತ್ತಿಗೆ ಬಿಸಿಲು ಗಾಜನ್ನು ದಾಟಿ ಮನೆಯೊಳಗೆ ಬಂದಾಗಿರುತ್ತದೆ.

ಗಾಢ ಬಣ್ಣದ ತಾರಸಿ ತನ್ನ ಮೇಲೆ ಬಿದ್ದ ಬಿಸಿಲಿನ ಬಹುಪಾಲನ್ನು ಹೀರಿಕೊಂಡರೆ, ಉತ್ತಮ ಗುಣಮಟ್ಟದ ಹೊಸ ಬಿಳಿ ಲೇಪ ಶೇ 80ರ ಆಸುಪಾಸನ್ನು ಹಿಂದಕ್ಕೆ ಕಳಿಸುತ್ತದೆ. ಆದರೆ ಲೇಪ ನಿಲ್ಲಬೇಕಾದರೆ ಪಾಚಿಯನ್ನು ಕೆರೆದು ತೆಗೆದು, ಬಿರುಕುಗಳನ್ನು ತುಂಬಿ, ತೊಳೆದು, ತಾರಸಿಯನ್ನು ಪೂರ್ತಿ ಒಣಗಲು ಬಿಡಬೇಕು. ದೂಳಿನ ಮೇಲೆ ಅಥವಾ ತೇವದ ಮೇಲೆ ಬಳಿದದ್ದು ಒಂದೇ ಮಳೆಗಾಲದಲ್ಲಿ ಹಪ್ಪಳದಂತೆ ಎದ್ದು ಬರುತ್ತದೆ. ದಪ್ಪನೆಯ ಒಂದು ಕೋಟಿಂಗಿಗಿಂತ ತೆಳುವಾದ ಎರಡು ಕೋಟಿಂಗ್ ಒಳ್ಳೆಯದು, ಎರಡನೆಯದು ಮೊದಲಿನದಕ್ಕೆ ಅಡ್ಡಲಾಗಿರಲಿ. ಬಣ್ಣಕ್ಕೆ ನೀರು ಬೆರೆಸಿ ಉಳಿಸುವ ಹಣ ಉಳಿತಾಯವೇ ಅಲ್ಲ.

ಉಪಕರಣಗಳ ವಿಷಯ ಬೇಗ ಮುಗಿಯುತ್ತದೆ. 60 ವ್ಯಾಟ್‌ನ ಹಳೆಯ ಬಲ್ಬಿನ ಬೆಳಕನ್ನು 9 ವ್ಯಾಟ್‌ನ ಎಲ್‌ಇಡಿ ಕೊಡುತ್ತದೆ. 70–75 ವ್ಯಾಟ್ ಎಳೆಯುವ ಸೀಲಿಂಗ್ ಫ್ಯಾನಿನ ಜಾಗದಲ್ಲಿ ಬಿಎಲ್‌ಡಿಸಿ ಮೋಟಾರಿನ ಫ್ಯಾನ್ 30 ವ್ಯಾಟ್‌ನ ಸುತ್ತಮುತ್ತ ಸಾಕೆನ್ನುತ್ತದೆ. ಕಾಯಿಲ್ ಗೀಸರ್ ಒಂದು ಯೂನಿಟ್ ವಿದ್ಯುತ್ತಿಗೆ ಒಂದು ಯೂನಿಟ್ ಶಾಖ ಕೊಟ್ಟರೆ, ಸುತ್ತಲಿನ ಗಾಳಿಯ ಶಾಖವನ್ನೇ ಎಳೆದು ನೀರಿಗೆ ಸೇರಿಸುವ ಹೀಟ್ ಪಂಪ್ ಮೂರರಷ್ಟು ಕೊಡಬಲ್ಲದು. ಕೆಟ್ಟಿರದ ಉಪಕರಣವನ್ನು ಎಸೆದು ಹೊಸದು ತರುವ ಆತುರ ಬೇಡ. ಹಳೆಯ ಎಸಿಯನ್ನು ಕಳಚಿಸುವಾಗ ಮಾತ್ರ ಎಚ್ಚರವಿರಲಿ: ಅದರಲ್ಲಿ ಆರ್-410ಎ ಅನಿಲವಿದ್ದರೆ, ಅದರ ಒಂದು ಕಿಲೋ ಗಾಳಿಗೆ ಸೇರಿದಾಗ ಆಗುವ ತಾಪದ ಹಾನಿ ಸುಮಾರು ಎರಡು ಟನ್ ಇಂಗಾಲದ ಡೈಆಕ್ಸೈಡಿಗೆ ಸಮ. ಅನಿಲವನ್ನು ಸಿಲಿಂಡರಿಗೆ ಹಿಂದೆಗೆಯುವ ಮೆಕ್ಯಾನಿಕ್‌ನನ್ನು ಗುಂಪಿನವರೆಲ್ಲ ಸೇರಿ ಗೊತ್ತು ಮಾಡಿಕೊಳ್ಳಿ. ಕೊಳವೆ ಕತ್ತರಿಸಿ ಅನಿಲವನ್ನು ಬಿಟ್ಟುಬಿಡುವವರಿಗೆ ಈ ಕೆಲಸ ಕೊಡಬೇಡಿ.

ಇಷ್ಟೆಲ್ಲ ಆದ ಮೇಲೆ ಮನೆಯ ಬೇಡಿಕೆ ಎಷ್ಟಕ್ಕಿಳಿದಿದೆಯೋ ಅಷ್ಟಕ್ಕೆ ತಕ್ಕ ಸೌರಫಲಕ ಹಾಕಿಸಿಕೊಳ್ಳಿ. ಒಂದು ಫಲಕದ ಮೇಲೆ ನೀರಿನ ಟ್ಯಾಂಕಿನ ನೆರಳು ಬಿದ್ದರೂ ಅದೇ ಸಾಲಿಗೆ ಜೋಡಿಸಿದ ಉಳಿದ ಫಲಕಗಳ ಉತ್ಪಾದನೆಯೂ ಕುಗ್ಗಬಹುದು. ಆದ್ದರಿಂದ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ತಾರಸಿಯ ನೆರಳನ್ನು ಸೀಮೆಸುಣ್ಣದಲ್ಲಿ ಗುರುತಿಸಿಕೊಂಡು ಆಮೇಲೆ ಜಾಗ ನಿರ್ಧರಿಸಿ.

ಹಂತ 4: ಭೂಮಿ — ಹೆಚ್ಚಿನವರು ಎಡವುವುದು ಇಲ್ಲಿ

ಮೊದಲು ಒಂದು ಮಳೆಗಾಲ ಮತ್ತು ಒಂದು ಒಣಗಾಲ ಪೂರ್ತಿ ಸುಮ್ಮನೆ ನೋಡಿ. ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಕೊಚ್ಚಿ ಹರಿಯುತ್ತದೆ, ಯಾವ ಹುಲ್ಲು ಯಾವಾಗ ಹೂ ಬಿಡುತ್ತದೆ ಎಂಬುದನ್ನು ಬರೆದಿಡಿ. ಖಾಲಿ ಎಂದು ನಾವು ಕರೆಯುವ ಜಾಗ ಬಹಳಷ್ಟು ಸಲ ಖಾಲಿಯಾಗಿರುವುದಿಲ್ಲ. ಅದು ಹುಲ್ಲುಗಾವಲಿರಬಹುದು, ಕುರುಚಲು ಕಾಡಿರಬಹುದು, ವರ್ಷದಲ್ಲಿ ನಾಲ್ಕು ತಿಂಗಳು ಮಾತ್ರ ನೀರು ನಿಲ್ಲುವ ಜೌಗಿರಬಹುದು. ಹುಲ್ಲುಗಾವಲು ತನ್ನ ಇಂಗಾಲದ ಬಹುಭಾಗವನ್ನು ಬೇರು ಮತ್ತು ಮಣ್ಣಿನಲ್ಲಿ ಹುದುಗಿಸಿಟ್ಟುಕೊಂಡಿರುತ್ತದೆ. ಅಲ್ಲಿ ಗುಂಡಿ ತೋಡಿ ಮರ ನೆಡುವುದು ಪುನಶ್ಚೇತನವಲ್ಲ, ಇದ್ದದ್ದನ್ನು ಕೆಡಿಸುವುದು.

ನೋಡಿದ್ದನ್ನು ಒಂದು ಕೈನಕ್ಷೆಗೆ ಇಳಿಸಿ ಮೂರು ಬಣ್ಣ ತುಂಬಿ: ಸ್ಥಳೀಯ ಸಸ್ಯಗಳೇ ಹೆಚ್ಚಿರುವ ಕಡೆ ಹಸಿರು, ಸ್ಥಳೀಯ ಸಸ್ಯವೂ ಆಕ್ರಮಣಕಾರಿ ಕಳೆಯೂ ಬೆರೆತ ಕಡೆ ಹಳದಿ, ಬರೀ ಕಳೆಯೇ ತುಂಬಿರುವ ಕಡೆ ಕೆಂಪು. ಇನ್ನು ಕೆಲಸ ಎಲ್ಲಿಂದ ಆರಂಭವಾಗಬೇಕು? ನಾನು ಕಂಡ ಗುಂಪುಗಳಲ್ಲಿ ಹೆಚ್ಚಿನವು ಕೆಂಪಿಗೇ ನುಗ್ಗುತ್ತವೆ, ಏಕೆಂದರೆ ಕಣ್ಣಿಗೆ ಕುಕ್ಕುವುದು ಅದೇ. ಒಂದೇ ದಿನದಲ್ಲಿ ಎಲ್ಲವನ್ನೂ ಬೋಳಿಸಿ ಸಂತೋಷಪಡುತ್ತವೆ. ಬೋಳಾದ ಮಣ್ಣಿಗೆ ಬಿಸಿಲು ಬಿದ್ದೊಡನೆ ಅಡಗಿದ್ದ ಕಳೆಬೀಜಗಳೆಲ್ಲ ಒಟ್ಟಿಗೆ ಮೊಳೆತು ಮೂರು ತಿಂಗಳಲ್ಲಿ ಮೊದಲಿಗಿಂತ ದಟ್ಟವಾಗಿ ಎದ್ದು ನಿಲ್ಲುತ್ತವೆ.

ಸರಿಯಾದ ದಾರಿ ಇದಕ್ಕೆ ತದ್ವಿರುದ್ಧ. 1960ರ ದಶಕದಲ್ಲಿ ಸಿಡ್ನಿಯ ಬಂದರಿನ ಅಂಚಿನ ಕುರುಚಲು ಕಾಡಿನಲ್ಲಿ ಜೋನ್ ಮತ್ತು ಐಲೀನ್ ಬ್ರಾಡ್ಲಿ ಎಂಬ ಸಹೋದರಿಯರು ಸಣ್ಣ ಕೈಸಲಕರಣೆಗಳನ್ನಷ್ಟೇ ಹಿಡಿದು ವರ್ಷಗಟ್ಟಲೆ ಕಳೆ ಕಿತ್ತು ಮೂರು ನಿಯಮಗಳನ್ನು ಕಂಡುಕೊಂಡರು. ಚೆನ್ನಾಗಿರುವ ಕಡೆಯಿಂದ ಹಾಳಾಗಿರುವ ಕಡೆಗೆ ಸಾಗಬೇಕು; ಮಣ್ಣನ್ನು ಸಾಧ್ಯವಾದಷ್ಟು ಕಡಿಮೆ ಕದಡಬೇಕು; ಸ್ಥಳೀಯ ಸಸ್ಯ ಮರಳಿ ಬರುವ ವೇಗಕ್ಕಿಂತ ಹೆಚ್ಚು ವೇಗವಾಗಿ ಕಳೆ ತೆಗೆಯಬಾರದು. ನನ್ನ ಅನುಭವದಲ್ಲಿ ಪಾಲಿಸಲು ಅತ್ಯಂತ ಕಷ್ಟವಾದದ್ದು ಮೂರನೆಯ ನಿಯಮ, ಫಲ ಕೊಡುವುದೂ ಅದೇ.

ಹಾಗಾಗಿ ಹಸಿರಿನ ನಡುವೆ ಅಲ್ಲೊಂದು ಇಲ್ಲೊಂದು ತಲೆಯೆತ್ತಿರುವ ಕಳೆಗಿಡಗಳಿಂದ ಶುರು ಮಾಡಿ. ಕಿತ್ತ ಜಾಗದ ಮೇಲೆ ಸರಿಸಿದ್ದ ತರಗೆಲೆಯನ್ನು ಮತ್ತೆ ಹರಡಿ, ಮಣ್ಣನ್ನು ಬೆತ್ತಲೆ ಬಿಡಬೇಡಿ. ಅಲ್ಲಿಂದ ಹಳದಿಯ ಅಂಚಿಗೆ ಬನ್ನಿ, ಎರಡು ಮೂರು ಮೀಟರ್ ಅಗಲದ ಪಟ್ಟಿಯನ್ನಷ್ಟೇ ಬಿಡಿಸಿ, ಕಾಯಿರಿ. ಆ ಪಟ್ಟಿಯಲ್ಲಿ ಸ್ಥಳೀಯ ಹುಲ್ಲು ಮತ್ತು ಸಸಿಗಳು ಮೊಳೆತು ನೆಲವನ್ನು ಮುಚ್ಚಿದ ಮೇಲೆ ಮುಂದಿನ ಪಟ್ಟಿ. ಕೆಂಪು ಭಾಗವನ್ನು ಸದ್ಯಕ್ಕೆ ಮುಟ್ಟಬೇಡಿ. ಅದು ಹೂ ಬಿಟ್ಟು ಬೀಜ ಉದುರಿಸದಂತೆ ಅಂಚನ್ನು ಮಾತ್ರ ಸವರುತ್ತಿರಿ. ಆ ಪೊದೆಗಳಲ್ಲೇ ಹಕ್ಕಿಗಳು ಗೂಡು ಕಟ್ಟಿರಬಹುದು. ಬದಲಿ ಆಸರೆ ಬೆಳೆಯುವ ತನಕ ಅವಕ್ಕೆ ಅದೇ ಗತಿ.

ಕೀಳುವ ಬಗೆಯೂ ಮುಖ್ಯ. ಉಷ್ಣವಲಯದ ಉದ್ದಗಲಕ್ಕೂ ಹಬ್ಬಿರುವ ಲಂಟಾನವನ್ನು ನೆಲದ ಮಟ್ಟಕ್ಕೆ ಮಚ್ಚಿನಿಂದ ಸವರಿದರೆ ಬುಡದಿಂದ ಹತ್ತು ಚಿಗುರು ಒಡೆಯುತ್ತವೆ. ಸಸ್ಯಶಾಸ್ತ್ರಜ್ಞ ಸಿ. ಆರ್. ಬಾಬು ಅವರು ರೂಪಿಸಿದ ವಿಧಾನದಲ್ಲಿ, ಬುಡದ ಮಣ್ಣನ್ನು ಸ್ವಲ್ಪ ಸರಿಸಿ, ಮಣ್ಣಿನ ಮಟ್ಟದಿಂದ 3ರಿಂದ 5 ಸೆಂಟಿಮೀಟರ್ ಕೆಳಗೆ ತಾಯಿಬೇರನ್ನು ಒಂದೇ ಏಟಿಗೆ ಕಡಿಯುತ್ತಾರೆ, ಏಕೆಂದರೆ ಚಿಗುರೊಡೆಯುವ ಭಾಗ ಅದಕ್ಕಿಂತ ಮೇಲಿರುತ್ತದೆ. ಕಡಿದ ಪೊದೆಯನ್ನು ಬೇರು ಮೇಲಾಗಿ ತಲೆಕೆಳಗೆ ನಿಲ್ಲಿಸಿ ಒಣಗಿಸಿದರೆ ಅದು ಮತ್ತೆ ಮಣ್ಣು ಹಿಡಿಯುವುದಿಲ್ಲ. ಪಾರ್ಥೇನಿಯಂ ಅನ್ನು ಹೂ ಬಿಡುವ ಮುನ್ನ, ಮಣ್ಣು ಹಸಿಯಿರುವಾಗ, ಬೇರುಸಹಿತ ಎಳೆಯಿರಿ. ಒಂದೊಂದು ಗಿಡವೂ ಸಾವಿರಾರು ಬೀಜ ಉದುರಿಸುತ್ತದೆ; ಹೂವಾದ ಮೇಲೆ ಎಳೆದಾಡಿದರೆ ಬೀಜ ಬಿತ್ತಿದವರು ನೀವೇ ಆಗುತ್ತೀರಿ. ಅದರಿಂದ ಚರ್ಮದ ಅಲರ್ಜಿ ಆಗುವುದರಿಂದ ಕೈಗವಸು ಮತ್ತು ತುಂಬುತೋಳಿನ ಅಂಗಿ ಇಲ್ಲದೆ ಯಾರನ್ನೂ, ಮುಖ್ಯವಾಗಿ ಮಕ್ಕಳನ್ನು, ಈ ಕೆಲಸಕ್ಕೆ ಇಳಿಸಬೇಡಿ.

ಬೆಂಕಿ ಇಡುವುದು, ಜೆಸಿಬಿ ತರಿಸುವುದು, ಕಳೆನಾಶಕ ಸಿಂಪಡಿಸುವುದು ಈ ಮೂರು ಅಡ್ಡದಾರಿಗಳ ಸಲಹೆ ಪ್ರತಿ ಗುಂಪಿನಲ್ಲೂ ಬರುತ್ತದೆ. ನಾನು ಮೂರನ್ನೂ ಒಪ್ಪುವುದಿಲ್ಲ. ಬೆಂಕಿಯ ನಂತರ ಲಂಟಾನ ಹೊಸ ಚಿಗುರೊಡೆದು ಇನ್ನಷ್ಟು ಹಬ್ಬುತ್ತದೆ, ಜೆಸಿಬಿಯ ಹಲ್ಲು ಮಣ್ಣನ್ನು ಬುಡಮೇಲು ಮಾಡುತ್ತದೆ, ಕಳೆನಾಶಕಕ್ಕೆ ಕಳೆಯ ಪಕ್ಕದಲ್ಲೇ ಮೊಳೆಯುತ್ತಿರುವ ಸ್ಥಳೀಯ ಸಸಿಯ ಗುರುತಿರುವುದಿಲ್ಲ.

ಕಳೆಯ ನಡುವೆ ಹುಡುಕಬೇಕಾದ ಇನ್ನೊಂದು ಇದೆ: ಕಡಿದ ಮರಗಳ ಜೀವಂತ ಬುಡ. 1980ರ ದಶಕದ ಆರಂಭದಲ್ಲಿ ನೈಜರ್ ದೇಶದಲ್ಲಿ ಸಸಿ ನೆಟ್ಟು ನೆಟ್ಟು ಸೋತಿದ್ದ ಆಸ್ಟ್ರೇಲಿಯಾದ ಕೃಷಿತಜ್ಞ ಟೋನಿ ರಿನಾಡೊ, ಹೊಲಗಳಲ್ಲಿ ಕುರುಚಲು ಪೊದೆಯಂತೆ ಕಾಣುತ್ತಿದ್ದವು ವಾಸ್ತವದಲ್ಲಿ ಕಡಿದ ಮರಗಳ ಬುಡದಿಂದ ಎದ್ದ ಚಿಗುರುಗಳೆಂದು ಗುರುತಿಸಿದರು. ಪ್ರತಿ ಬುಡದಲ್ಲೂ ಗಟ್ಟಿಯಾದ ಕೆಲವು ಚಿಗುರುಗಳನ್ನು ಉಳಿಸಿ ಮಿಕ್ಕವನ್ನು ಸವರುವ ಈ ಕ್ರಮವನ್ನು ರೈತರು ಕೈಗೆತ್ತಿಕೊಂಡರು, ಮುಂದಿನ ಎರಡು ದಶಕಗಳಲ್ಲಿ ಸುಮಾರು 50 ಲಕ್ಷ ಹೆಕ್ಟೇರ್‌ನಲ್ಲಿ ಮರಗಳು ಮರಳಿದವು. ನೆಲದಡಿಯಲ್ಲಿ ಆಳಕ್ಕೆ ಇಳಿದ ಬೇರು ಈಗಾಗಲೇ ಇರುವ ಗಿಡಕ್ಕೆ ನೀರುಣಿಸುವ ಅಗತ್ಯವೂ ಇಲ್ಲ. ಮೂರೋ ನಾಲ್ಕೋ ನೇರ ಚಿಗುರುಗಳನ್ನು ಉಳಿಸಿ, ಪಕ್ಕದಲ್ಲೊಂದು ಬಣ್ಣದ ಕೋಲು ನೆಟ್ಟು ಗುರುತು ಮಾಡಿ; ಇಲ್ಲದಿದ್ದರೆ ನಿಮ್ಮವರೇ ಒಬ್ಬರು ಕಳೆಯೆಂದು ಕಡಿದುಬಿಡುತ್ತಾರೆ.

ಹಂತ 5: ಸಸಿ, ನಿಜಕ್ಕೂ ಬೇಕಿದ್ದರೆ

ಎರಡು ಮಳೆಗಾಲ ಕಳೆದರೂ ತಾನಾಗಿ ಏನೂ ಮರಳಿ ಬಾರದ ಕಡೆ, ಅಥವಾ ಕಟ್ಟಡದ ಅವಶೇಷ ಸುರಿದು ಮಣ್ಣೇ ಸತ್ತಿರುವ ಕಡೆ ಮಾತ್ರ ನೆಡಬೇಕು. ಇಂಥಲ್ಲಿ ಜಪಾನಿನ ಸಸ್ಯವಿಜ್ಞಾನಿ ಅಕಿರಾ ಮಿಯಾವಾಕಿ ಅವರ ದಟ್ಟ ನೆಡುವಿಕೆಯ ವಿಧಾನ ಹೊಂದಬಹುದು. ಆದರೆ ಆ ಪ್ರದೇಶದ ಮೂಲ ಕಾಡಿನಲ್ಲಿ ಯಾವ ಮರಗಳಿದ್ದವು ಎಂಬ ಸಮೀಕ್ಷೆಯೇ ಅವರ ವಿಧಾನದ ತಳಹದಿ. ನರ್ಸರಿಯಲ್ಲಿ ಸಿಕ್ಕಿದ್ದನ್ನೆಲ್ಲ ಒತ್ತೊತ್ತಾಗಿ ನೆಟ್ಟು ಆ ಹೆಸರು ಇಡುವುದು ಸರಿಯಲ್ಲ.

ಸಸಿ ಆರಿಸುವಾಗ ಎತ್ತರ ನೋಡಬೇಡಿ, ಬೇರು ನೋಡಿ. ಪಾಲಿಥಿನ್ ಚೀಲದಲ್ಲಿ ಬಹಳ ಕಾಲ ಉಳಿದ ಸಸಿಯ ಬೇರು ಒಳಗೇ ಸುರುಳಿ ಸುತ್ತಿಕೊಂಡಿರುತ್ತದೆ. ನೆಟ್ಟ ಮೇಲೂ ಅದು ಸುತ್ತುತ್ತಲೇ ಇದ್ದು ಮರ ದೊಡ್ಡದಾದಾಗ ಗಾಳಿಗೆ ಉರುಳುತ್ತದೆ. ಮೊಣಕಾಲೆತ್ತರದ, ಬೇರು ಸಡಿಲವಾಗಿರುವ ಸಸಿಯೇ ನನ್ನ ಆಯ್ಕೆ. ಚೀಲವನ್ನು ಪೂರ್ತಿ ತೆಗೆದು, ಸುತ್ತಿಕೊಂಡ ಬೇರಿನ ತುದಿಗಳನ್ನು ಕತ್ತರಿಸಿ, ಬುಡ ಚೀಲದಲ್ಲಿದ್ದ ಮಟ್ಟದಲ್ಲೇ ಮಣ್ಣಿಗೂ ಬರುವಂತೆ ಇಡಿ. ಸುತ್ತಲೂ ತರಗೆಲೆಯ ಹೊದಿಕೆ ದಪ್ಪವಾಗಿರಲಿ, ಆದರೆ ಕಾಂಡಕ್ಕೆ ತಾಗದಿರಲಿ. ತಾಗಿದರೆ ತೊಗಟೆ ಕೊಳೆಯುತ್ತದೆ. ಬೀಜದುಂಡೆಗಳನ್ನು ಎರಚುವುದು ಮಕ್ಕಳಿಗೆ ಸಂತೋಷ ಕೊಡುತ್ತದೆ, ಆದರೆ ಕಳೆ ತುಂಬಿದ ಗಟ್ಟಿ ನೆಲದಲ್ಲಿ ಬಿದ್ದ ಉಂಡೆಗಳಲ್ಲಿ ಬದುಕುವುದು ತೀರಾ ಕಡಿಮೆ. ಅದನ್ನೇ ಮುಖ್ಯ ಕಾರ್ಯಕ್ರಮವೆಂದು ನೆಚ್ಚಬೇಡಿ.

ಹಂತ 6: ಮೂರು ವರ್ಷದ ದಿನಚರಿ

ನೆಡುವ ದಿನಕ್ಕೆ ಜನರನ್ನು ಸೇರಿಸುವ ಮುನ್ನವೇ ಮೊದಲ ಎರಡು ಬೇಸಿಗೆಗಳಲ್ಲಿ ನೀರು ಹೊರುವವರ ಪಟ್ಟಿ ತಯಾರಿರಲಿ. ಪಟ್ಟಿಯಲ್ಲಿ ಎಷ್ಟು ಹೆಸರಿದೆಯೋ ಅದಕ್ಕೆ ತಕ್ಕಷ್ಟೇ ಸಸಿ ತನ್ನಿ. ದಿನವೂ ಒಂದು ಚೊಂಬು ಸುರಿಯುವುದಕ್ಕಿಂತ ವಾರಕ್ಕೊಮ್ಮೆ ಆಳಕ್ಕೆ ಇಳಿಯುವಂತೆ ಒಂದು ಬಕೆಟ್ ಹಾಕಿದರೆ ಬೇರು ನೀರನ್ನು ಅರಸಿ ಕೆಳಕ್ಕೆ ಹೋಗುತ್ತದೆ. ಕಿತ್ತ ಪಟ್ಟಿಗಳಿಗೆ ಮಳೆ ಬಿದ್ದ ಮೂರನೆಯ ವಾರ ತಪ್ಪದೆ ಮರಳಿ ಹೋಗಿ ಎಳೆಗಳೆಯನ್ನು ಬೆರಳಲ್ಲೇ ಕೀಳಿ.

ಜಾಗದಲ್ಲಿ ನಾಲ್ಕು ಕಲ್ಲುಗೂಟ ಹುಗಿದು, ವರ್ಷಕ್ಕೆರಡು ಸಲ ಅದೇ ಗೂಟದ ಪಕ್ಕ ನಿಂತು, ಅದೇ ದಿಕ್ಕಿಗೆ ಮುಖ ಮಾಡಿ ಛಾಯಾಚಿತ್ರ ತೆಗೆಯಿರಿ, ಕೈನಕ್ಷೆಗೆ ಹೊಸದಾಗಿ ಬಣ್ಣ ತುಂಬಿ. ಮನೆಗಳ ಯೂನಿಟ್ ಪುಸ್ತಕವನ್ನೂ ಅದೇ ದಿನ ತೆರೆದು, ಹಿಂದಿನ ವರ್ಷದ ಅದೇ ತಿಂಗಳಿನ ಅಂಕಿಯ ಪಕ್ಕದಲ್ಲಿ ಈ ವರ್ಷದ್ದನ್ನು ಬರೆಯಿರಿ. ಹಳದಿ ಹಸಿರಾಗದೆ ನಿಂತಿರುವ ಕಡೆ ಮುಂದಿನ ಪಟ್ಟಿಗೆ ಹೋಗದೆ, ಅಲ್ಲೇ ಇನ್ನೊಂದು ಮಳೆಗಾಲ ಕೆಲಸ ಮಾಡಿ.